ಪಾಯಿಂಟಾ, ಮಾಡ್ಯೂಲಾ? ತುಮಕೂರಿನಲ್ಲಿ ಹಳೇ ಬೀಟಲ್ ಸಾಕುವವರಿಗೆ

ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ಕೊಂಡ ಹೊಸಬರು ಮೊದಲು ಕೇಳುವುದು, "ಸಾರ್, ಪಾಯಿಂಟ್ ತೆಗೆಸಿ ಎಲೆಕ್ಟ್ರಾನಿಕ್ ಹಾಕಿಸಿಬಿಡಲಾ?" ಅದರ ಹಿಂದೆಯೇ, "ಯಾವ ಆಯಿಲ್ ಹಾಕಲಿ?" ಈ ಎರಡರಲ್ಲೂ ಎರಡೂ ಕಡೆಯದನ್ನು ಹಾಕಿ ಓಡಿಸಿ ನೋಡಿದ್ದೇನೆ. ನನ್ನದು 1300 ಎಂಜಿನ್, 12 ವೋಲ್ಟ್. ಗಾಡಿ ಇರುವುದು ತುಮಕೂರಿನಲ್ಲಿ. ಓಡಾಟ ಬಿ.ಎಚ್. ರಸ್ತೆ, ಕ್ಯಾತ್ಸಂದ್ರ, ರಜೆ ಸಿಕ್ಕರೆ ದೇವರಾಯನದುರ್ಗ, ಆಗಾಗ ಶಿರಾ ಕಡೆಗೆ. ಊರು ಯಾಕೆ ಹೇಳಿದೆ ಅಂದರೆ, ನನ್ನ ಉತ್ತರ ಊರಿನ ಮೇಲೂ ನಿಂತಿದೆ. ಬೆಂಗಳೂರಿನಲ್ಲಾದರೆ ಈ ಗಾಡಿ ಬಲ್ಲವರು ಸಿಗುತ್ತಾರೆ, ಜೆ.ಸಿ. ರಸ್ತೆಯಲ್ಲಿ ಅಲೆದರೆ ಸಾಮಾನೂ ಸಿಗಬಹುದು. ಇಲ್ಲಿ ದಾರಿಯಲ್ಲಿ ಕೆಟ್ಟು ನಿಂತರೆ ಬರುವುದು ಬುಲೆಟ್ ಮೆಕ್ಯಾನಿಕ್ಕು, ಇಲ್ಲವೇ ಆಟೋ ಮೆಕ್ಯಾನಿಕ್ಕು. ಅವರ ಕೈಗೆ ಗೊತ್ತಿರುವುದೇ ಗಾಡಿಯಲ್ಲಿರಲಿ ಅನ್ನುವುದು ನನ್ನ ವಾದ.

ಮೊದಲು ಪಾಯಿಂಟ್, ಅಂದರೆ ಕರೆಂಟ್ ಕಡಿಯುವ ಸಣ್ಣ ಸ್ವಿಚ್ಚು. ನಾಲ್ಕು ಪ್ಲಗ್‌ಗೂ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ಕ್ಯಾಮ್ ತಿರುಗುತ್ತದೆ, ಪಾಯಿಂಟ್ ತೆರೆದು ಮುಚ್ಚುತ್ತದೆ. ತೆರೆದ ಗಳಿಗೆಯಲ್ಲಿ ಪ್ಲಗ್‌ಗೆ ಕರೆಂಟ್ ಹೋಗುತ್ತದೆ. ಗ್ಯಾಪ್ 0.4 ಮಿ.ಮೀ. ಇರಬೇಕು. ಕ್ಯಾಮ್‌ಗೆ ಉಜ್ಜುವ ಫೈಬರ್ ತುಂಡು ಸವೆದ ಹಾಗೆಲ್ಲ ಗ್ಯಾಪ್ ಕಿರಿದಾಗುತ್ತದೆ. ಗ್ಯಾಪ್ ಕಿರಿದಾದರೆ ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಹಿಂದೆ ಬೀಳುತ್ತದೆ. ಗಾಡಿಗೆ ಎಳೆತ ಕಮ್ಮಿ, ಬಿಸಿ ಜಾಸ್ತಿ. ಅದಕ್ಕೇ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಉಲ್ಟಾ ಮಾಡಿದರೆ ಎರಡನ್ನೂ ಮತ್ತೆ ಮಾಡಬೇಕು. ಟೈಮಿಂಗ್‌ಗೆ ಒಂದು 12 ವೋಲ್ಟ್ ಬಲ್ಬು ಸಾಕು. ಕಾಯಿಲ್‌ನಿಂದ (ಕಿಡಿಗೆ ಬೇಕಾದಷ್ಟು ವೋಲ್ಟೇಜ್ ಏರಿಸುವುದು ಅದೇ) ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಕಡೆಗೆ ಬಲ್ಬಿನ ಒಂದು ತಂತಿ, ಇನ್ನೊಂದು ಅರ್ತ್‌ಗೆ. ಕೀ ಆನ್ ಮಾಡಿ ಪುಲ್ಲಿ ತಿರುಗಿಸುತ್ತಾ ಬಂದರೆ ಪಾಯಿಂಟ್ ತೆರೆದ ಕ್ಷಣ ಬಲ್ಬು ಹತ್ತಿಕೊಳ್ಳುತ್ತದೆ. ಕ್ಯಾಮ್‌ಗೆ ಚೂರು ಗ್ರೀಸ್ ಸವರಿ. ಅದನ್ನು ಮರೆತರೆ ಫೈಬರ್ ಬೇಗ ಸವೆಯುತ್ತದೆ.

ಪಾಯಿಂಟ್ ತೆಗೆದು ಆ ಜಾಗಕ್ಕೆ ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿದಾಗ, ಸುಳ್ಳು ಹೇಳಬಾರದು, ಖುಷಿಯಾಯಿತು. ಡಿಸೆಂಬರ್ ಬೆಳಿಗ್ಗೆಯ ಚಳಿಯಲ್ಲೂ ಸೆಲ್ಫ್ ಕೊಟ್ಟ ತಕ್ಷಣ ಸ್ಟಾರ್ಟ್. ಸ್ಲೋನಲ್ಲಿ ನಿಂತಾಗ ಆ ಸಣ್ಣ ನಡುಕ ಹೋಯಿತು. ಒಮ್ಮೆ ಟೈಮಿಂಗ್ ಇಟ್ಟರೆ ಅಲ್ಲೇ ಇರುತ್ತದೆ, ಯಾಕೆಂದರೆ ಸವೆಯುವುದಕ್ಕೆ ಏನೂ ಇಲ್ಲ. ರೋಟರ್ ಕೆಳಗೆ ಒಂದು ಮ್ಯಾಗ್ನೆಟ್ ಉಂಗುರ, ಪಕ್ಕದಲ್ಲಿ ಮಾಡ್ಯೂಲ್, ಕಾಯಿಲ್‌ಗೆ ಎರಡು ವೈರ್, ಅಷ್ಟೇ. ಮೈಲೇಜ್ ಏರುತ್ತದೆ ಅಂತ ಕೆಲವರು ಹೇಳುತ್ತಾರೆ. ನನಗಂತೂ ಕಾಣಲಿಲ್ಲ. ಸರಿಯಾಗಿ ಸೆಟ್ ಮಾಡಿದ ಪಾಯಿಂಟ್‌ಗೂ ಇದಕ್ಕೂ ಪೆಟ್ರೋಲ್ ಖರ್ಚಿನಲ್ಲಿ ಅಂಥ ವ್ಯತ್ಯಾಸವೇನಿಲ್ಲ.

ಮುಂದಿನ ಬೇಸಿಗೆಯಲ್ಲಿ ಅದು ಶಿರಾ ರಸ್ತೆಯಲ್ಲಿ ಸತ್ತಿತು. ಮಿಸ್ ಹೊಡೆಯಲಿಲ್ಲ, ಕೆಮ್ಮಲಿಲ್ಲ, ಸುಮ್ನೆ ಆಫ್ ಆಯಿತು. ಹೆದ್ದಾರಿ ಬದಿಯ ಶೆಡ್‌ನಿಂದ ಒಬ್ಬ ಬುಲೆಟ್ ಹುಡುಗ ಬಂದ. ಪ್ಲಗ್ ಬಿಚ್ಚಿ ಕರೆಂಟ್ ಇಲ್ಲ ಅಂತ ಒಂದೇ ನಿಮಿಷದಲ್ಲಿ ಹೇಳಿದ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಬಗ್ಗಿ ನೋಡಿ, "ಸಾರ್, ಇದರಲ್ಲಿ ಪಾಯಿಂಟೇ ಇಲ್ವಲ್ಲ, ನಾನೇನ್ ಮಾಡ್ಲಿ?" ಅಂದ. ನ್ಯಾಯವೇ ಅಲ್ವಾ? ಪಾಯಿಂಟ್ ಹಾಗೆ ಕೈಕೊಡುವುದಿಲ್ಲ. ವಾರಗಟ್ಟಲೆ ಸೂಚನೆ ಕೊಡುತ್ತದೆ: ಸ್ಟಾರ್ಟಿಂಗ್ ತಡ, ಏರಿನಲ್ಲಿ ಮುಗ್ಗರಿಸುವುದು. ತೀರಾ ಕೆಟ್ಟರೂ ಉಪ್ಪು ಕಾಗದದಲ್ಲಿ ಉಜ್ಜಿ, ಗ್ಯಾಪ್ ಕೊಟ್ಟು ಮನೆ ಸೇರಬಹುದು. ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಹೋದರೆ ಮಾತ್ರ ಬದಲಿ ಬೇಕು. ಅದು ಜೇಬಿನಲ್ಲಿ ಹಿಡಿಯುವಷ್ಟು ಸಣ್ಣದು.

ಮಾಡ್ಯೂಲೇ ಬೇಕು ಅನ್ನುವವರು ಮೂರು ಮಾತು ನೆನಪಿಡಿ. ಕೆಂಪು, ಕಪ್ಪು ವೈರ್ ಅದಲುಬದಲಾದರೆ ಸುಟ್ಟುಹೋಗುತ್ತದೆ. ಎಂಜಿನ್ ನಿಲ್ಲಿಸಿ ಕೀ ಆನ್ ಬಿಟ್ಟು ರೇಡಿಯೋ ಕೇಳಬೇಡಿ, ಕೆಲವು ಮಾಡ್ಯೂಲ್ ಅದಕ್ಕೇ ಬಲಿಯಾಗುತ್ತವೆ. ಕಾಯಿಲ್ ಎಷ್ಟು ಓಮ್ಸ್ ಅಂತ ಮೀಟರ್ ಇಟ್ಟು ನೋಡಿ. ಸಾಮಾನ್ಯವಾಗಿ 3 ಓಮ್ಸ್ ಸುಮಾರಿನದು ಕೇಳುತ್ತಾರೆ.

ನಾನು ಕೊನೆಗೆ ಮಾಡಿಕೊಂಡ ಏರ್ಪಾಡು ಬೇರೆ. ಓಡುವುದು ಪಾಯಿಂಟ್‌ನಲ್ಲಿ. ಡಿಕ್ಕಿಯಲ್ಲಿ ಇನ್ನೊಂದು ಹಳೇ ಡಿಸ್ಟ್ರಿಬ್ಯೂಟರ್, ಅದಕ್ಕೂ ಪಾಯಿಂಟ್ ಹಾಕಿ, ಅದರದೇ ಕ್ಲ್ಯಾಂಪ್ ಸಮೇತ ಒಮ್ಮೆ ಟೈಮಿಂಗ್ ಕೂಡಿಸಿ ತೆಗೆದಿಟ್ಟಿದ್ದೇನೆ. ಕ್ಲ್ಯಾಂಪ್ ಹಿಡಿದಿರುವ ಒಂದು 13ರ ನಟ್ ಬಿಚ್ಚಿದರೆ ಒಂದು ಹೊರಗೆ, ಇನ್ನೊಂದು ಒಳಗೆ. ಬೀಟಲ್‌ನಲ್ಲಿ ಡಿಸ್ಟ್ರಿಬ್ಯೂಟರ್ ಕೆಳಗಿನ ಕಚ್ಚು ಮಧ್ಯದಿಂದ ಸ್ವಲ್ಪ ಪಕ್ಕಕ್ಕಿರುತ್ತದೆ, ಹಾಗಾಗಿ ಅದು ಕೂರುವುದು ಒಂದೇ ದಿಕ್ಕಿನಲ್ಲಿ. ಗೊಂದಲಕ್ಕೆ ಜಾಗವಿಲ್ಲ. ಮಾಡ್ಯೂಲ್ ಹಾಕಿಕೊಂಡವರೂ ಇದೊಂದನ್ನು ಜೊತೆಗಿಟ್ಟುಕೊಂಡರೆ ನನ್ನ ತಕರಾರಿಲ್ಲ.

ಈಗ ಆಯಿಲ್. ಹೆಸರಿಗೆ ಗಾಳಿಯಿಂದ ತಣಿಯುವ ಎಂಜಿನ್, ಆದರೆ ಬಿಸಿಯ ದೊಡ್ಡ ಪಾಲು ಹೊರುವುದು ಆಯಿಲ್ಲೇ. ಅದೂ ಬರೀ ಎರಡೂವರೆ ಲೀಟರ್. ಫಿಲ್ಟರ್ ಇಲ್ಲ, ಕೆಳಗೊಂದು ಜಾಲರಿ ಮಾತ್ರ. ಅದಕ್ಕೇ 5000 ಕಿ.ಮೀ. ದಾಟಿಸಬಾರದು. ನಾನು ಅದಕ್ಕೂ ಮುಂಚೆಯೇ ಬದಲಾಯಿಸುತ್ತೇನೆ. ಜಾಲರಿಯ ಪ್ಲೇಟ್ ಹಿಡಿದಿರುವ ಆರು ಸಣ್ಣ ನಟ್‌ಗಳನ್ನು ಹುಷಾರಾಗಿ ಬಿಗಿಯಿರಿ. ಎಂಜಿನ್ ಕೇಸ್ ಮೆಗ್ನೀಷಿಯಂ ಮಿಶ್ರಲೋಹದ್ದು. ಲಾರಿ ನಟ್ ಬಿಗಿದ ಹಾಗೆ ಬಿಗಿದರೆ ಸ್ಟಡ್ ಕಿತ್ತುಕೊಂಡು ಬರುತ್ತದೆ.

ಹಾಕಿ ನೋಡಿದ್ದು ಒಂದೇ ಗ್ರೇಡಿನ 40 ನಂಬರ್, 20ಡಬ್ಲ್ಯು-50, ಮತ್ತೆ ಡೀಸೆಲ್ ಗಾಡಿಯ 15ಡಬ್ಲ್ಯು-40 (ಈ ನಂಬರ್‌ಗಳು ಆಯಿಲ್ ಎಷ್ಟು ದಪ್ಪ ಅಂತ ಹೇಳುತ್ತವೆ). ಪರೀಕ್ಷೆಗೆ ದೇವರಾಯನದುರ್ಗಕ್ಕಿಂತ ಒಳ್ಳೆ ಜಾಗ ಬೇಕಿಲ್ಲ. ನಾಮದ ಚಿಲುಮೆ ದಾಟಿ ಬೆಟ್ಟ ಹತ್ತುವಾಗ ಎರಡನೇ ಗೇರ್‌ನಲ್ಲೇ ಹೋಗಬೇಕು. ಏಪ್ರಿಲ್ ಮಧ್ಯಾಹ್ನ ಮೇಲೆ ತಲುಪಿ ಸ್ಲೋನಲ್ಲಿ ನಿಲ್ಲಿಸಿ, ಆಯಿಲ್ ಒತ್ತಡ ಬಿದ್ದರೆ ಹತ್ತುವ ಆಯಿಲ್ ಲೈಟ್ ನೋಡಿದರೆ ಸಾಕು. 15ಡಬ್ಲ್ಯು-40ರಲ್ಲಿ ಲೈಟ್ ಮಿಣುಕಿತು. ಉಳಿದ ಎರಡರಲ್ಲಿ ಮಿಣುಕಲಿಲ್ಲ. 40 ನಂಬರ್ ಪಂಪ್‌ಸೆಟ್, ಟ್ರ್ಯಾಕ್ಟರ್ ಸಾಮಾನು ಮಾರುವ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಬೆಳಗಿನ ಚಳಿಯಲ್ಲಿ ಸೆಲ್ಫ್ ಎಳೆಯುವುದು ಭಾರ. ದಪ್ಪ ಇದ್ದಷ್ಟೂ ಒಳ್ಳೆಯದು ಅಂತಲೂ ತಿಳಿಯಬೇಡಿ. ಆಯಿಲ್ ತುಂಬಾ ದಪ್ಪವಾಗಿ ಒತ್ತಡ ಏರಿದರೆ ಒಳಗಿನ ವಾಲ್ವ್ ತೆರೆದುಕೊಂಡು, ಆಯಿಲ್ ಕೂಲರ್‌ಗೆ ಹೋಗದೆ ಅಡ್ಡದಾರಿ ಹಿಡಿಯುತ್ತದೆ. ತಣಿಸಬೇಕಾದ್ದೇ ತಣಿಯದೆ ಸುತ್ತುತ್ತದೆ. ಹಾಗಾಗಿ ನನ್ನ ಮತ 20ಡಬ್ಲ್ಯು-50ಕ್ಕೆ, ವರ್ಷಪೂರ್ತಿ. ಹೊಸ ಕಾರುಗಳಿಗೆ ಮಾರುವ ತೆಳು ಸಿಂಥೆಟಿಕ್ ಮಾತ್ರ ಬೇಡ. ಎಷ್ಟೇ ದುಬಾರಿ ಆಗಿರಲಿ, ಅದು ಈ ಎಂಜಿನ್‌ಗೆ ಹೇಳಿದ್ದಲ್ಲ.

ಟ್ಯಾಪೆಟ್, ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಗ್ಯಾಪ್ ಇಡುವ ವಿಷಯದಲ್ಲಿ ಹೋಲಿಕೆ ಸಾಮಾನಿನದ್ದಲ್ಲ, ಕೈಯದ್ದು. ಗ್ಯಾರೇಜ್‌ನಲ್ಲಿ ಮಾಡಿಸಿದ್ದೇನೆ, ನಾನೇ ಮಾಡಿದ್ದೇನೆ. ಗ್ಯಾರೇಜ್‌ನಲ್ಲಿ ಆಗುವ ತೊಂದರೆ ಒಂದೇ: ಗಾಡಿ ಓಡಿಸಿಕೊಂಡು ಹೋಗಿರುತ್ತೀರಿ, ಎಂಜಿನ್ ಬಿಸಿ ಇರುತ್ತದೆ, ಅವರಿಗೆ ಕಾಯುವ ವ್ಯವಧಾನ ಇರುವುದಿಲ್ಲ. ಈ ಎಂಜಿನ್‌ನಲ್ಲಿ 0.15 ಮಿ.ಮೀ. ಗ್ಯಾಪ್ ಕೊಡಬೇಕಾದ್ದು ಪೂರ್ತಿ ತಣ್ಣಗಿದ್ದಾಗ, ಅಂದರೆ ರಾತ್ರಿಯಿಡೀ ನಿಂತ ಮೇಲೆ. ಹಾಗಾಗಿ ಇದು ಮನೆಯ ಮುಂದೆ, ಬೆಳಿಗ್ಗೆ, ಕಾಫಿ ಕುಡಿದು ಮಾಡುವ ಕೆಲಸ.

ಹೊಸಬರು ಹೆದರುವುದು ಟಕಟಕ ಸದ್ದಿಗೆ. ನಿಜವಾಗಿ ಹೆದರಬೇಕಾದ್ದು ಸದ್ದು ನಿಂತಾಗ. ಓಡಿದಂತೆ ವಾಲ್ವ್ ತನ್ನ ಸೀಟಿನೊಳಗೆ ಇಳಿಯುತ್ತದೆ, ಗ್ಯಾಪ್ ಮುಚ್ಚುತ್ತಾ ಬರುತ್ತದೆ. ಎಂಜಿನ್ ಹಿತವಾಗಿ, ಮೆತ್ತಗೆ ಕೇಳಿಸುತ್ತದೆ. ಆದರೆ ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರದೆ, ಬಿಸಿ ಬಿಟ್ಟುಕೊಡಲಾಗದೆ ಸುಡುತ್ತಿರುತ್ತದೆ. ಅದರಲ್ಲೂ ಮೂರನೇ ಸಿಲಿಂಡರ್, ಎಡಗಡೆ ಮುಂದಿನದು. 1970ರವರೆಗಿನ ಎಂಜಿನ್‌ಗಳಲ್ಲಿ ಆಯಿಲ್ ಕೂಲರ್ ಫ್ಯಾನಿನ ಗಾಳಿಗೆ ಅಡ್ಡ ನಿಂತು ಅದಕ್ಕೆ ತಂಪು ಕಮ್ಮಿ ಮಾಡುತ್ತದೆ.

ನನಗೆ ಗ್ಯಾಪ್ ಅಳೆಯುವ ತೆಳು ಬ್ಲೇಡಿನ ಫೀಲರ್ ಗೇಜ್ ಹಿಡಿಯಲು ಕಲಿಸಿದವರು ಪಕ್ಕದ ಮನೆಯ ಹಿರಿಯರು, ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ದುಡಿದವರು. "ಬ್ಲೇಡ್ ಎಳೆದ್ರೆ ಹಿಡಿದ ಹಾಗಿರಬೇಕು, ಕಚ್ಚಬಾರದು ಕಣಪ್ಪ" ಅಂದರು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಇನ್ನೊಂದು ಸುಲಭ ದಾರಿ: ಫೈರಿಂಗ್ ಆರ್ಡರ್ 1-4-3-2. ಒಂದನೇ ಸಿಲಿಂಡರ್‌ನಿಂದ ಶುರು ಮಾಡಿ ಪುಲ್ಲಿಯನ್ನು ಪ್ರತಿ ಸಲ ಅರ್ಧ ಸುತ್ತು ಹಿಂದಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗಿಸಿದರೆ 1, 2, 3, 4 ಅಂತ ಸಾಲಾಗಿ ಬರುತ್ತವೆ. ಲೆಕ್ಕ ತಪ್ಪುವುದಿಲ್ಲ.

ಫ್ಯಾನ್ ಬೆಲ್ಟ್‌ನಲ್ಲಿ ಅಗ್ಗದ್ದೂ ಹಾಕಿದೆ, ಒಳ್ಳೆಯದೂ ಹಾಕಿದೆ. ಅಗ್ಗದ್ದು ಬೇಗ ಉದ್ದವಾಗಿ ಜಾರತೊಡಗಿತು. ಇಲ್ಲಿ ಕಂಜೂಸಿ ಬೇಡ. ಬೆಲ್ಟ್ ತಿರುಗಿಸುವುದು ಡೈನಮೋವನ್ನು, ಡೈನಮೋದ ಅದೇ ಶಾಫ್ಟ್‌ನ ಇನ್ನೊಂದು ತುದಿಯಲ್ಲಿ ಎಂಜಿನ್ ತಣಿಸುವ ಫ್ಯಾನ್. ಬೇರೆ ಕಾರಿನಲ್ಲಿ ಕೆಂಪು ಚಾರ್ಜಿಂಗ್ ಲೈಟ್ ಬಂದರೆ ಮೆಲ್ಲಗೆ ಮನೆಗೆ ಹೋಗಬಹುದೇನೋ, ಇದರಲ್ಲಿ ಆ ಕ್ಷಣವೇ ನಿಲ್ಲಿಸಬೇಕು. ಬೆರಳಿನಿಂದ ಒತ್ತಿದರೆ ಬೆಲ್ಟ್ 15 ಮಿ.ಮೀ. ಸುಮಾರು ಬಗ್ಗಬೇಕು. ಸಡಿಲವಾದರೆ ಪುಲ್ಲಿಯ ಎರಡು ಹೋಳುಗಳ ನಡುವಿನ ವಾಷರ್ ಒಂದು ತೆಗೆದು ಹೊರಗಡೆ ಹಾಕಿ. 21ರ ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್, ಒಂದು ಸ್ಪೇರ್ ಬೆಲ್ಟ್ ಸದಾ ಗಾಡಿಯಲ್ಲಿರಲಿ.

ಹಿಂದಿರುವ ಎಂಜಿನ್ನಿನ ಡೋರ್‌ಗೆ ಕೋಲು ಕೊಟ್ಟು ತೆರೆದಿಟ್ಟು ಓಡಿಸಿದರೆ ಎಂಜಿನ್ ತಣ್ಣಗಿರುತ್ತದೆ ಅನ್ನುವವರಿದ್ದಾರೆ. ಅದನ್ನು ತೆರೆದೂ ಬೆಟ್ಟ ಹತ್ತಿದೆ, ಮುಚ್ಚಿಯೂ ಹತ್ತಿದೆ. ಡಿಪ್‌ಸ್ಟಿಕ್ ಎಳೆದು ಬೆರಳಲ್ಲಿ ಹಿಡಿದು ನೋಡಿದರೆ ವ್ಯತ್ಯಾಸ ತಿಳಿಯಲಿಲ್ಲ. ವ್ಯತ್ಯಾಸ ಗೊತ್ತಾಗಿದ್ದು ಎಂಜಿನ್ ಸುತ್ತಲಿನ ರಬ್ಬರ್ ಬೀಡಿಂಗ್ ಹೊಸದು ಹಾಕಿಸಿದಾಗ. ಆ ರಬ್ಬರ್ ಹರಿದಿದ್ದರೆ ಕೆಳಗಿನ ಬಿಸಿ ಗಾಳಿಯನ್ನೇ ಫ್ಯಾನ್ ಮತ್ತೆ ಎಳೆದುಕೊಳ್ಳುತ್ತದೆ. ಎಂಜಿನ್ ಸುತ್ತ ಗಾಳಿಗೆ ದಾರಿ ಮಾಡುವ ತಗಡುಗಳಲ್ಲಿ ಒಂದನ್ನೂ "ಇದ್ಯಾಕೆ ಬೇಕು" ಅಂತ ಬಿಸಾಡಬೇಡಿ.

ಪೆಟ್ರೋಲ್: ದುಬಾರಿ ಪ್ರೀಮಿಯಂ ಹಾಕಿ ನೋಡಿದೆ, ಏನೂ ಲಾಭವಿಲ್ಲ. ಈ ಎಂಜಿನ್ನಿನ ಕಂಪ್ರೆಷನ್ 7ರ ಆಸುಪಾಸು, ಸಾದಾ ಪೆಟ್ರೋಲ್ ಧಾರಾಳ ಸಾಕು. ಆ ದುಡ್ಡನ್ನು ಪೆಟ್ರೋಲ್ ಪೈಪ್‌ಗೆ ಹಾಕಿ. ಈಗ ಬಂಕ್‌ನಲ್ಲಿ ಬರುವುದು 20 ಪರ್ಸೆಂಟ್ ಎಥೆನಾಲ್ ಬೆರೆತದ್ದು. ಹಳೇ ರಬ್ಬರ್ ಅದಕ್ಕೆ ತಡೆಯುವುದಿಲ್ಲ. ಬಟ್ಟೆ ನೇಯ್ದ ಹಳೇ ಮಾದರಿಯ ಪೈಪ್ ನೋಡಲು ಚೆಂದ, ಆದರೆ ಒಳಗೆ ಬಿರುಕು ಬಿಟ್ಟಿದ್ದು ಹೊರಗೆ ಕಾಣುವುದಿಲ್ಲ. ಎಥೆನಾಲ್‌ಗೆ ಆಗುವ ಫ್ಯುಯೆಲ್ ಇಂಜೆಕ್ಷನ್ ಪೈಪ್ ಕಪ್ಪಗೆ, ಸಾದಾ ಇರುತ್ತದೆ. ನಾನು ಅದನ್ನೇ ಹಾಕಿದ್ದೇನೆ, ಪ್ರತಿ ತುದಿಗೂ ಕ್ಲಿಪ್ ಸಮೇತ. ಇಲ್ಲಿ ಬುಲೆಟ್ ಹುಡುಗನಿಗೆ ಸಿಗುತ್ತದೋ ಇಲ್ಲವೋ ಅನ್ನುವ ನನ್ನ ವಾದ ನಡೆಯುವುದಿಲ್ಲ, ಬೆಂಗಳೂರಿಗೆ ಹೋಗಿಯಾದರೂ ತನ್ನಿ. ಪೆಟ್ರೋಲ್ ಪಂಪ್ ಇರುವುದು ಡಿಸ್ಟ್ರಿಬ್ಯೂಟರ್ ಪಕ್ಕದಲ್ಲೇ. ಅಲ್ಲಿ ಒಂದು ತೊಟ್ಟು ಸೋರಿದರೂ ಬೆಂಕಿಗೆ ಸಾಕು, ಹೊತ್ತಿಕೊಂಡದ್ದು ಓಡಿಸುವವರ ಕಣ್ಣಿಗೆ ಬೀಳುವುದೂ ಇಲ್ಲ. ಕೆಲವರು ಅದೇ ಜಾಗದಲ್ಲಿ ಪ್ಲಾಸ್ಟಿಕ್ ಫಿಲ್ಟರ್ ನೇತುಹಾಕಿರುತ್ತಾರೆ. ನಿಮ್ಮ ಗಾಡಿಯಲ್ಲೂ ಹಾಗಿದ್ದರೆ ಅದನ್ನು ಕಿತ್ತು, ಗೇರ್‌ಬಾಕ್ಸ್ ಪಕ್ಕ, ಲೋಹದ ಪೈಪ್ ಹೊರಬರುವಲ್ಲಿ ಹಾಕಿಸಿ. ಬೆಂಕಿ ಆರಿಸುವ ಸಣ್ಣ ಸಿಲಿಂಡರ್ ಡಿಕ್ಕಿಯಲ್ಲಲ್ಲ, ಡ್ರೈವರ್ ಸೀಟಿನ ಕೈಗೆಟಕುವಲ್ಲಿ ಇರಲಿ.