ಡಿಸ್ಕ್ ಮನೆಯಲ್ಲಿ, ಕಂಪ್ಯೂಟರ್ ಅಂಗಡಿಯಲ್ಲಿ: ಲಿನಕ್ಸ್ ಮೌಂಟಿಂಗ್‌ನ ನಾಲ್ಕು ದಾರಿ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಮ್ಮದೊಂದು ಚಿಕ್ಕ ಫೋಟೊ ಸ್ಟುಡಿಯೊ. ಮದುವೆ ಆಲ್ಬಮ್, ವಿಡಿಯೊ ಎಡಿಟಿಂಗ್ ಎಲ್ಲ ಒಂದೇ ಲಿನಕ್ಸ್ ಮಿಂಟ್ ಕಂಪ್ಯೂಟರ್ ಮೇಲೆ. ಸಿಸ್ಟಮ್‌ಗೆ 256 ಜಿಬಿ ಎಸ್‌ಎಸ್‌ಡಿ, ಕೆಲಸಕ್ಕೆ 4 ಟಿಬಿ ಹಾರ್ಡ್ ಡಿಸ್ಕ್. ಇನ್ನೊಂದು 2 ಟಿಬಿಯ ಯುಎಸ್‌ಬಿ ಬ್ಯಾಕಪ್ ಡಿಸ್ಕ್. ಅದು ದಿನಾ ಸಂಜೆ ನನ್ನ ಬ್ಯಾಗಿನಲ್ಲಿ ಮನೆಗೆ ಹೋಗುತ್ತದೆ. ತಲೆನೋವೆಲ್ಲ ಇದರದ್ದೇ. ಡಿಸ್ಕನ್ನು ಒಂದು ಫೋಲ್ಡರ್‌ಗೆ ಜೋಡಿಸಿ ತೆರೆಯುವುದಕ್ಕೆ ಲಿನಕ್ಸ್‌ನಲ್ಲಿ ಮೌಂಟಿಂಗ್ ಅನ್ನುತ್ತಾರೆ.

ಮೊದಲು ಎಲ್ಲರ ಹಾಗೆ ಫೈಲ್ ಮ್ಯಾನೇಜರ್‌ನಲ್ಲಿ ಕ್ಲಿಕ್ ಮಾಡಿ ತೆರೆಯುತ್ತಿದ್ದೆ. ಹಿಂದೆ ಯುಡಿಸ್ಕ್ಸ್ ಅನ್ನೋ ಸೇವೆ ಕೆಲಸ ಮಾಡುತ್ತದೆ, ಮೀಡಿಯಾ ಫೋಲ್ಡರ್ ಒಳಗೆ ಡಿಸ್ಕ್‌ನ ಹೆಸರಲ್ಲೇ ಜಾಗ ಮಾಡಿಕೊಡುತ್ತದೆ. ಗಿರಾಕಿಗಳ ಪೆನ್‌ಡ್ರೈವ್‌ಗೆ ಈಗಲೂ ಇದೇ ಸಾಕು. ಆದರೆ ಒಂದೇ ಹೆಸರಿನ ಎರಡು ಪೆನ್‌ಡ್ರೈವ್ ಬಂದರೆ ಎರಡನೆಯದರ ಹೆಸರಿನ ಕೊನೆಗೆ 1 ಸೇರುತ್ತದೆ. ಆಲ್ಬಮ್ ಸಾಫ್ಟ್‌ವೇರ್ ಹಳೆಯ ದಾರಿಯಲ್ಲೇ ಫೋಟೊ ಹುಡುಕುತ್ತಾ ಕೂರುತ್ತದೆ. ಬ್ಯಾಕಪ್ ಅಂತೂ ನಾನು ಕ್ಲಿಕ್ ಮಾಡಲು ಮರೆತ ದಿನ ಆಗುತ್ತಲೇ ಇರಲಿಲ್ಲ.

ಹಾಗಾಗಿ ಎಫ್‌ಎಸ್‌ಟ್ಯಾಬ್‌ಗೆ ಹೋದೆ. ಯಾವ ಡಿಸ್ಕನ್ನು ಎಲ್ಲಿ ಮೌಂಟ್ ಮಾಡಬೇಕು ಅನ್ನೋ ಪಟ್ಟಿಯ ಫೈಲ್ ಅದು. ಒಂದು ಸಾಲಿನಲ್ಲಿ ಆರು ಕಾಲಮ್: ಯಾವ ಡಿಸ್ಕ್, ಯಾವ ಫೋಲ್ಡರ್, ಯಾವ ಫೈಲ್‌ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ಬಗೆ), ಆಯ್ಕೆಗಳು, ಕೊನೆಗೆ ಎರಡು ಅಂಕೆ. ಡಿಸ್ಕನ್ನು ಎಸ್‌ಡಿಬಿ1 ಅಂತ, ಅಂದರೆ ಬೂಟ್ ಆಗುವಾಗ ಲಿನಕ್ಸ್ ಕೊಡುವ ಹೆಸರಿನಲ್ಲಿ, ಬರೆಯಬೇಡಿ. ಬೂಟ್ ಆಗುವಾಗ ಯಾರದೋ ಪೆನ್‌ಡ್ರೈವ್ ಚುಚ್ಚಿಕೊಂಡಿದ್ದರೆ ಆ ಹೆಸರು ಅದಲುಬದಲಾಗಬಹುದು. ಯುಯುಐಡಿ, ಅಂದರೆ ಆ ಡಿಸ್ಕ್‌ನದೇ ಆದ ಗುರುತಿನ ಸಂಖ್ಯೆ, ಬರೆದರೆ ಆ ಗೊಂದಲ ಇಲ್ಲ. ಒಳಗಿರುವ 4 ಟಿಬಿ ಡಿಸ್ಕ್‌ಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ.

ಬ್ಯಾಕಪ್ ಡಿಸ್ಕ್‌ಗೂ ಅದೇ ತರಹ ಒಂದು ಸಾಲು ಬರೆದೆ. ಅಲ್ಲೇ ಎಡವಿದ್ದು. ಮೇ ತಿಂಗಳು, ಮದುವೆ ಸೀಸನ್. ಆ ದಿನ ನಾನು ಊಟಕ್ಕೆ ಮನೆಗೆ ಬಂದಿದ್ದೆ, ಡಿಸ್ಕೂ ಬ್ಯಾಗಿನಲ್ಲೇ ಇತ್ತು. ಕರೆಂಟ್ ಹೋಗಿ, ಯುಪಿಎಸ್ ಕೂಗಿ ಕೂಗಿ ಸುಮ್ಮನಾಗಿ, ಮತ್ತೆ ಕರೆಂಟ್ ಬಂತು. ಅಂಗಡಿಯಲ್ಲಿದ್ದ ಅಣ್ಣನ ಮಗ ಫೋನ್ ಮಾಡಿದ: "ಕಾಕಾ, ಕರಿ ಪರದೆ ಮ್ಯಾಲ ಒಂದೂವರೆ ನಿಮಿಷ ಅಂತ ತೋರಸ್ತು. ಈಗ ಎಮರ್ಜೆನ್ಸಿ ಮೋಡ್ ಅನ್ಲಿಕತ್ತದ. ಏನ್ ಮಾಡ್ಲಿ?" ಬೂಟ್ ನಡೆಸುವ ಸಿಸ್ಟಮ್‌ಡಿ ಅನ್ನೋ ಪ್ರೋಗ್ರಾಮ್, ಅಲ್ಲಿಲ್ಲದ ಡಿಸ್ಕ್‌ಗಾಗಿ 90 ಸೆಕೆಂಡ್ ಕಾದು, ಬೂಟ್ ಅನ್ನೇ ನಿಲ್ಲಿಸಿತ್ತು. ಎಫ್‌ಎಸ್‌ಟ್ಯಾಬ್‌ನ ಆ ಸಾಲಿನ ಮೊದಲಿಗೆ ಹ್ಯಾಶ್ ಗುರುತು (#) ಹಾಕಿ, ಅದು ಲೆಕ್ಕಕ್ಕಿಲ್ಲದ ಹಾಗೆ ಮಾಡಿ, ರೀಸ್ಟಾರ್ಟ್ ಮಾಡು ಅಂತ ಫೋನಿನಲ್ಲೇ ಹೇಳಿಕೊಡುವಷ್ಟರಲ್ಲಿ ತಟ್ಟೆಯಲ್ಲಿದ್ದ ರೊಟ್ಟಿ ಒಣಗಿ ಹಪ್ಪಳವಾಗಿತ್ತು.

ಇದಕ್ಕೆ ಮದ್ದು 'ನೋಫೇಲ್'. ಆಯ್ಕೆಗಳ ಕಾಲಮ್‌ನಲ್ಲಿ ಈ ಒಂದು ಪದ ಇದ್ದರೆ ಡಿಸ್ಕ್ ಇಲ್ಲದಿದ್ದರೂ ಬೂಟ್ ಆಗುತ್ತದೆ. ಸೇರಿಸಿ ನಿಶ್ಚಿಂತೆಯಾಗಿದ್ದೆ. ಆದರೆ ಇದರ ಕಿತಾಪತಿ ಇನ್ನೂ ಜಾಸ್ತಿ. ಡಿಸ್ಕ್ ಇಲ್ಲದಾಗ ಆ ಫೋಲ್ಡರ್ ಖಾಲಿ ಫೋಲ್ಡರ್ ಆಗಿ ಉಳಿಯುತ್ತದೆ, ಮಾಯವಾಗುವುದಿಲ್ಲ. ಅದಕ್ಕೆ ಬರೆಯುವ ಅನುಮತಿಯನ್ನು ಹಿಂದೊಮ್ಮೆ ನಾನೇ ಕೊಟ್ಟಿದ್ದೆ. ಬ್ಯಾಕಪ್ ಸ್ಕ್ರಿಪ್ಟ್ ಎರಡು ಮದುವೆಗಳ ವಿಡಿಯೊವನ್ನು ಅದರೊಳಗೆ, ಅಂದರೆ ಸಿಸ್ಟಮ್ ಎಸ್‌ಎಸ್‌ಡಿಗೇ ಸುರಿಯಿತು. ಎಸ್‌ಎಸ್‌ಡಿ ತುಂಬಿ ತುಳುಕಿದಾಗಲೇ ಗೊತ್ತಾಗಿದ್ದು. 'ಬ್ಯಾಕಪ್ ಮುಗಿಯಿತು' ಅನ್ನೋ ಸಂದೇಶ ನೋಡಿ ಖುಷಿಪಟ್ಟಿದ್ದೆ ಬೇರೆ.

ಬೇಕಾದಾಗ ಮಾತ್ರ ಮೌಂಟ್ ಮಾಡುವ ಆಟೊಎಫ್‌ಎಸ್ ಅನ್ನೋ ಪ್ರೋಗ್ರಾಮನ್ನೂ ನಾಲ್ಕು ದಿನ ಇಟ್ಟು ನೋಡಿದೆ. ಬೇರೆಯಾಗಿ ಇನ್‌ಸ್ಟಾಲ್ ಮಾಡಬೇಕು, ಆಟೊ ಡಾಟ್ ಮಾಸ್ಟರ್ ಅನ್ನೋ ಫೈಲ್ ಒಂದು, ಮ್ಯಾಪ್ ಫೈಲ್ ಇನ್ನೊಂದು. ಹತ್ತಾರು ಕಂಪ್ಯೂಟರ್, ನೆಟ್‌ವರ್ಕ್ ಮೇಲಿನ ಹಂಚಿಕೆ ಫೋಲ್ಡರ್‌ಗಳಿರುವ ಕಾಲೇಜ್ ಲ್ಯಾಬ್‌ಗೆ ಚೆನ್ನ. ನನ್ನ ಒಂದು ಡಿಸ್ಕ್‌ಗೆ ಅದು ಎರಡು ರೊಟ್ಟಿ ಬಡಿಯಲು ಜಾತ್ರೆ ಒಲೆ ಹೂಡಿದ ಹಾಗೆ. ತೆಗೆದುಹಾಕಿದೆ.

ಈಗ ಇರುವುದು ಸಿಸ್ಟಮ್‌ಡಿಯ ಆಟೊಮೌಂಟ್. ಹೊಸದೇನೂ ಹಾಕಬೇಕಿಲ್ಲ. ಅದೇ ಎಫ್‌ಎಸ್‌ಟ್ಯಾಬ್ ಸಾಲಿನಲ್ಲಿ ನೋಆಟೊ (ಬೂಟ್ ಆಗುವಾಗ ತಾನೇ ಮೌಂಟ್ ಆಗಬೇಡ ಅಂತ), ಮತ್ತೆ 'ಎಕ್ಸ್-ಸಿಸ್ಟಮ್‌ಡಿ' ಅಂತ ಶುರುವಾಗುವ ಮೂರು ಆಯ್ಕೆ: ಆಟೊಮೌಂಟ್, ಐಡಲ್-ಟೈಮೌಟ್ 60 ಸೆಕೆಂಡ್, ಡಿವೈಸ್-ಟೈಮೌಟ್ 5 ಸೆಕೆಂಡ್. ಬೂಟ್ ಆಗುವಾಗ ಡಿಸ್ಕ್‌ಗೆ ಕಾಯುವುದಿಲ್ಲ. ಫೋಲ್ಡರ್ ಬಾಗಿಲಲ್ಲಿ ಕಾವಲು ಕೂರುತ್ತದೆ ಅಷ್ಟೇ. ಯಾವುದಾದರೂ ಪ್ರೋಗ್ರಾಮ್ ಒಳಗೆ ಕಾಲಿಟ್ಟಾಗ ಮಾತ್ರ ಮೌಂಟ್. ಡಿಸ್ಕ್ ಇಲ್ಲದಿದ್ದರೆ 5 ಸೆಕೆಂಡ್ ಕಾದು ಎರರ್ ಕೊಡುತ್ತದೆ. ಸ್ಕ್ರಿಪ್ಟ್ ನಿಲ್ಲುತ್ತದೆ, ಎಸ್‌ಎಸ್‌ಡಿ ತುಂಬುವುದಿಲ್ಲ. ನನಗೆ ಬೇಕಾಗಿದ್ದು ಈ ಎರರೇ. ಡಿವೈಸ್-ಟೈಮೌಟ್ ಮಾತ್ರ ಮರೆಯಬೇಡಿ. ಅದಿಲ್ಲದಿದ್ದರೆ ಮತ್ತದೇ 90 ಸೆಕೆಂಡ್, ಈ ಸಲ ನಿಮ್ಮ ಫೈಲ್ ಮ್ಯಾನೇಜರ್ ಮರಗಟ್ಟಿ ಕೂರುತ್ತದೆ.

60 ಸೆಕೆಂಡ್ ಯಾರೂ ಮುಟ್ಟದಿದ್ದರೆ ತಾನೇ ಅನ್‌ಮೌಂಟ್ ಆಗುತ್ತದೆ. ಸಂಜೆ ಕೇಬಲ್ ಕಿತ್ತು ಹೊರಡುವವರಿಗೆ ಇದು ದೊಡ್ಡ ಅನುಕೂಲ, ಅಲ್ವಾ? ಆದರೆ ಟರ್ಮಿನಲ್ ಅದೇ ಫೋಲ್ಡರ್‌ನಲ್ಲಿ ನಿಂತಿದ್ದರೆ ಆಗುವುದಿಲ್ಲ. ಹಾಗಾಗಿ ಕೀಳುವ ಮೊದಲು, ಏನೇನು ಮೌಂಟ್ ಆಗಿದೆ ಅಂತ ತೋರಿಸುವ ಫೈಂಡ್‌ಮೌಂಟ್ (findmnt) ಕಮಾಂಡ್ ಓಡಿಸಿ ಒಮ್ಮೆ ನೋಡುತ್ತೇನೆ.

ಎಫ್‌ಎಸ್‌ಟ್ಯಾಬ್ ತಿದ್ದಿದ ಮೇಲೂ ಫೈಂಡ್‌ಮೌಂಟ್‌ಗೆ ವೆರಿಫೈ ಆಯ್ಕೆ ಕೊಟ್ಟು ಓಡಿಸಿ. ಕಾಲಮ್ ತಪ್ಪಿದ್ದರೆ ಅಲ್ಲೇ ಹೇಳುತ್ತದೆ. ಅಣ್ಣನ ಮಗ ಈ ಕಮಾಂಡನ್ನು ಚೀಟಿಯಲ್ಲಿ ಬರೆದು ಮಾನಿಟರ್ ಅಂಚಿಗೆ ಅಂಟಿಸಿದ್ದಾನೆ. ಕೆಳಗೆ ಸಣ್ಣಕ್ಷರದಲ್ಲಿ, "ಕಾಕಾ ಊಟಕ್ಕ ಹೋಗೂಕಿಂತ ಮೊದ್ಲು."