ರಿಪ್ಲೇಸೋ, ಆ್ಯಡ್‌ಆನ್ನೋ? ಜಿಟಿಎ 5ಕ್ಕೆ ನಿಜವಾದ ಕಾರು ತಂದ ಎರಡು ದಾರಿ

ಜಿಟಿಎ 5 ಎಂಬ ವಿಡಿಯೋ ಗೇಮಿನ ಲಾಸ್ ಸ್ಯಾಂಟೋಸ್ ನಗರದಲ್ಲಿ ಎಲ್ಲವೂ ನಿಜದಂತಿದೆ, ಕಾರುಗಳ ಹೆಸರು ಮಾತ್ರ ಕಲ್ಪಿತ. ಆಟದ ಸುಲ್ತಾನ್ ಅನ್ನುವ ಕಾರು ಎದುರಿಗೆ ಬಂದರೆ ಯಾವುದೋ ಜಪಾನಿ ಸೆಡಾನ್ ನೆನಪಾಗುತ್ತದೆ, ಹತ್ತಿರ ಹೋದರೆ ಅದಲ್ಲ. ಆ ಕೊರತೆ ತುಂಬಿಸಲು ಕಾರ್ ಮಾಡ್ (ಆಟಗಾರರೇ ತಯಾರಿಸಿ ಆಟಕ್ಕೆ ಸೇರಿಸುವ ಕಾರಿನ ಫೈಲುಗಳು) ಹಾಕುವವರ ಮುಂದೆ ಮೊದಲ ದಿನವೇ ಒಂದು ಪ್ರಶ್ನೆ ಬರುತ್ತದೆ: ಆಟದ ಕಾರೊಂದನ್ನು ತೆಗೆದು ಆ ಜಾಗದಲ್ಲಿ ಹೊಸದನ್ನು ಕೂರಿಸುವುದೋ, ಹಳೆಯದನ್ನು ಮುಟ್ಟದೆ ಹೊಸದನ್ನು ಬೇರೆಯಾಗಿ ಸೇರಿಸುವುದೋ? ಮೊದಲನೆಯದು ರಿಪ್ಲೇಸ್, ಎರಡನೆಯದು ಆ್ಯಡ್‌ಆನ್. ಹಿಂಬದಿ ಚಕ್ರಕ್ಕೆ ಶಕ್ತಿ ಹೋಗುವ ಒಂದೇ ಸೆಡಾನ್ ಮಾಡೆಲನ್ನು ನಾನು ಎರಡೂ ರೀತಿಯಲ್ಲಿ ಹಾಕಿ, ತಲಾ ಎರಡು ವಾರ ಓಡಿಸಿದೆ. ಎಲ್ಲವೂ ಒಬ್ಬರೇ ಆಡುವ ಸ್ಟೋರಿ ಮೋಡ್‌ನಲ್ಲಿ. ಆನ್‌ಲೈನ್‌ಗೆ ಮಾಡ್ ಹಾಕಿಕೊಂಡು ಹೋಗಬಾರದು, ಖಾತೆಯೇ ಬ್ಯಾನ್ ಆಗಬಹುದು.

ಹಾಕುವ ಸುಲಭದಲ್ಲಿ ರಿಪ್ಲೇಸ್‌ಗೆ ಸಾಟಿಯಿಲ್ಲ. ಆಟದ ಫೈಲು ತಿದ್ದುವ ಓಪನ್‌ಐವಿ ಸಾಫ್ಟ್‌ವೇರ್ ತೆರೆದು, ಆಟದ ಮೂಲ ಫೈಲುಗಳ ನಕಲನ್ನು ಮಾಡ್ಸ್ ಫೋಲ್ಡರ್‌ಗೆ ಹಾಕಿಕೊಂಡು, ಕಾರಿನ 3ಡಿ ಮಾಡೆಲ್ ಇರುವ ವೈಎಫ್‌ಟಿ ಫೈಲು ಎರಡು, ಟೆಕ್ಸ್ಚರ್ (ಮಾಡೆಲ್ ಮೇಲೆ ಹೊದಿಸುವ ಚಿತ್ರ) ಇರುವ ವೈಟಿಡಿ ಒಂದು, ಇಷ್ಟನ್ನು ಸುಲ್ತಾನ್ ಹೆಸರಿನಲ್ಲೇ ಎಳೆದು ಬಿಟ್ಟರೆ ಮುಗಿಯಿತು. ಕೆಲವು ಕಾರುಗಳ ಫೈಲನ್ನು ಮುಂದಿನ ಅಪ್‌ಡೇಟ್‌ಗಳು ಬೇರೆ ಫೋಲ್ಡರ್‌ನಿಂದ ಕೊಡುತ್ತವೆ. ಹಾಕಿದ್ದು ಕಾಣಿಸದಿದ್ದರೆ ಅಲ್ಲಿ ಹುಡುಕಬೇಕು.

ಆಟ ಶುರು ಮಾಡಿದ ಐದೇ ನಿಮಿಷಕ್ಕೆ ನನ್ನ ಸೆಡಾನ್ ಸಿಗ್ನಲ್‌ನಲ್ಲಿ ನಿಂತಿತ್ತು, ಒಳಗೆ ಯಾರೋ ಹೆಂಗಸು ಡ್ರೈವ್ ಮಾಡುತ್ತಿದ್ದಳು. ಆ ಖುಷಿಯೇ ಬೇರೆ! ನಾವು ಕರೆಯದೆಯೇ ಕಾರು ಊರಿನದಾಗಿಬಿಟ್ಟಿರುತ್ತದೆ. ಪಕ್ಕಕ್ಕೆ ಹೋಗಿ ಕಿಟಕಿಯೊಳಗೆ ನೋಡಿದಾಗ ಮಾತ್ರ ಅವಳ ಕೈ ಸ್ಟೀರಿಂಗ್‌ಗಿಂತ ನಾಲ್ಕು ಬೆರಳು ಮೇಲೆ, ಗಾಳಿಯಲ್ಲಿ ತಿರುಗುತ್ತಿತ್ತು. ಕೂರುವ ಭಂಗಿ ಹಳೆಯ ಕಾರಿನದು, ಸೀಟು ಹೊಸ ಕಾರಿನದು.

ನಿಜವಾದ ನಿರಾಸೆ ಕಾದಿದ್ದು ವೈನ್‌ವುಡ್ ಹಿಲ್ಸ್‌ನ ತಿರುವಿನಲ್ಲಿ. ತಿರುವಿನ ನಡುವೆ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಇಂಥ ಕಾರಿನ ಹಿಂಭಾಗ ಹೊರಕ್ಕೆ ಜಾರಬೇಕು. ಜಾರಲೇ ಇಲ್ಲ, ಹಳಿ ಮೇಲಿನ ರೈಲಿನ ಹಾಗೆ ಹೋಯಿತು. ಕಾರಣ ಸರಳ: ಸುಲ್ತಾನ್ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರು. ಮಾಡೆಲ್ ಬದಲಾದರೂ, ಕಾರು ಹೇಗೆ ಓಡಬೇಕೆಂದು ಹೇಳುವ ಹ್ಯಾಂಡ್ಲಿಂಗ್ ಡಾಟ್ ಮೆಟಾ ಫೈಲಿನಲ್ಲಿ ತೂಕ, ಗೇರು, ಹಿಡಿತ ಎಲ್ಲ ಸುಲ್ತಾನನದ್ದೇ ಉಳಿದಿರುತ್ತದೆ. ಅಲ್ಲಿ ಸುಲ್ತಾನನ ಸಾಲನ್ನೇ ತಿದ್ದಬಹುದು, ಆದರೆ ಹಾಗೆ ಪ್ರತಿ ಕಾರಿಗೂ ಕೈ ಹಾಕುತ್ತಾ ಹೋದರೆ ಮೂಲ ಆಟದಲ್ಲಿ ಏನಿತ್ತು ಅನ್ನುವುದೇ ಮರೆತುಹೋಗುತ್ತದೆ.

ಆ್ಯಡ್‌ಆನ್ ಗೆಲ್ಲುವುದು ಇಲ್ಲೇ. ಅದು ತನ್ನದೇ ಹ್ಯಾಂಡ್ಲಿಂಗ್ ಫೈಲು, ಕೂರುವ ಭಂಗಿ, ಎಂಜಿನ್ ಸದ್ದಿನ ಆಯ್ಕೆ ಎಲ್ಲವನ್ನೂ ಹೊತ್ತು ತರುತ್ತದೆ. ಎಫ್‌ಮಾಸ್ ಅನ್ನುವಲ್ಲಿ ಕಾರಿನ ತೂಕವನ್ನು ಕಿಲೋದಲ್ಲಿ ಬರೆಯಬಹುದು. ಎಫ್‌ಡ್ರೈವ್‌ಬಯಾಸ್‌ಫ್ರಂಟ್ ಅನ್ನುವಲ್ಲಿ 0 ಇಟ್ಟರೆ ಶಕ್ತಿಯೆಲ್ಲ ಹಿಂದಿನ ಚಕ್ರಕ್ಕೆ, 1 ಇಟ್ಟರೆ ಮುಂದಿನದಕ್ಕೆ. ನಾನು 0 ಇಟ್ಟು ಅದೇ ತಿರುವಿಗೆ ಹೋದೆ. ಹಿಂಭಾಗ ಮೆಲ್ಲಗೆ ಬಿಚ್ಚಿಕೊಂಡಿತು, ಸ್ಟೀರಿಂಗ್ ಎದುರು ತಿರುಗಿಸಿ ಹಿಡಿದೆ, ಕಾರು ಸರಿಯಾಯಿತು. ಆ ಒಂದು ತಿರುವನ್ನು ಅವತ್ತು ಹದಿನೈದು ಸಲವಾದರೂ ಹೊಡೆದಿರಬೇಕು. ಬಣ್ಣ, ಲೋಗೋ, ಡ್ಯಾಶ್‌ಬೋರ್ಡಿನ ಹೊಲಿಗೆ ಎಷ್ಟೇ ಚೆನ್ನಾಗಿರಲಿ, ಭಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವುದು ಕೈಗೆ ಗೊತ್ತಾಗದಿದ್ದರೆ ಅದು ನನಗೆ ಅಸಲಿ ಕಾರು ಅನಿಸುವುದಿಲ್ಲ.

ಇದಕ್ಕೆ ತಾಳ್ಮೆ ಬೇಕು. ಕಾರಿನ ಫೋಲ್ಡರನ್ನು ಡಿಎಲ್‌ಸಿ ಪ್ಯಾಕ್‌ಗಳ (ಆಟಕ್ಕೆ ಆಮೇಲೆ ಸೇರಿದ ಹೆಚ್ಚುವರಿ ಭಾಗಗಳ) ಜೊತೆ ಇಟ್ಟು, ಡಿಎಲ್‌ಸಿ ಲಿಸ್ಟ್ ಫೈಲಿನಲ್ಲಿ ಒಂದು ಸಾಲು ಸೇರಿಸಬೇಕು. ಆ ಸಾಲಿನ ಕೊನೆಯ ಟ್ಯಾಗ್ ಮುಚ್ಚಲು ಮರೆತಿದ್ದಕ್ಕೆ ಒಂದು ಸಂಜೆಯೆಲ್ಲ ಲೋಡಿಂಗ್ ಪರದೆಯನ್ನೇ ನೋಡಿದ್ದೇನೆ. ಕಾರುಗಳ ಸಂಖ್ಯೆ ಹೆಚ್ಚಾದಂತೆ, ಆಟದ ಮಿತಿಗಳನ್ನು ಹಿಗ್ಗಿಸುವ, ಆಟದ ಆವೃತ್ತಿಗೆ ಹೊಂದುವ ಗೇಮ್‌ಕಾನ್ಫಿಗ್ ಫೈಲು ಕೂಡ ಬೇಕು. ಅಪ್‌ಡೇಟ್ ಬಂದಾಗಲೆಲ್ಲ ಹೊಸ ಅಪ್‌ಡೇಟ್ ಫೈಲನ್ನು ಮಾಡ್ಸ್ ಫೋಲ್ಡರ್‌ಗೆ ನಕಲು ಮಾಡಿ ಆ ಸಾಲುಗಳನ್ನು ಮತ್ತೆ ಬರೆಯಬೇಕು. ಜೊತೆಗೆ ಮಾಡ್ ಸ್ಕ್ರಿಪ್ಟ್‌ಗಳನ್ನು ಓಡಿಸುವ ಸ್ಕ್ರಿಪ್ಟ್ ಹುಕ್ ವಿ ಹೊಸದು ಬರುವವರೆಗೆ ಟ್ರೇನರ್ (ಬೇಕಾದ ಕಾರನ್ನು ಆಟದೊಳಗೆ ಕರೆಯುವ ಮೆನು) ಏಳುವುದಿಲ್ಲ, ಟ್ರೇನರ್ ಇಲ್ಲದೆ ಆ್ಯಡ್‌ಆನ್ ಕಾರನ್ನು ಕರೆಯುವುದು ಕಷ್ಟ. ಇಷ್ಟೆಲ್ಲ ಮಾಡಿದರೂ ಅದು ತಾನಾಗಿ ಟ್ರಾಫಿಕ್‌ಗೆ ಬರುವುದಿಲ್ಲ. ಊರಿನಲ್ಲಿ ಆ ಕಾರು ಇರುವುದು ನನ್ನ ಹತ್ತಿರ ಮಾತ್ರ.

ಎರಡರಲ್ಲೂ ಕಾಡಿದ್ದು ಟೆಕ್ಸ್ಚರ್ ಭಾರ. 4096 x 4096 ಅಳತೆಯ ಒಂದೇ ಟೆಕ್ಸ್ಚರ್ ಕಂಪ್ರೆಸ್ ಮಾಡದೆ ಇದ್ದರೆ 64 ಎಂಬಿ, ಡಿಎಕ್ಸ್‌ಟಿ5 ಕಂಪ್ರೆಷನ್‌ನಲ್ಲಿ 16 ಎಂಬಿ, ಅದನ್ನೇ 2048ಕ್ಕೆ ಇಳಿಸಿದರೆ 4 ಎಂಬಿ. ಸೀಟಿನ ಚರ್ಮಕ್ಕೆ 4096 ಯಾಕೆ ಬೇಕು? ರಿಪ್ಲೇಸ್‌ನಲ್ಲಿ ಇದು ಇನ್ನೂ ಅಪಾಯ, ಏಕೆಂದರೆ ಅಂಥ ಏಳೆಂಟು ಕಾರು ಒಟ್ಟಿಗೆ ರಸ್ತೆಗಿಳಿಯುತ್ತವೆ. ಒಮ್ಮೆ ಹೈವೇಯಲ್ಲಿ ನನ್ನ ಮುಂದಿನ ರಸ್ತೆಯೇ ಮಾಯವಾಯಿತು. ಕಾರು ಮಬ್ಬು ಬೂದು ಬಣ್ಣದ ಮೇಲೆ ಓಡುತ್ತಿತ್ತು. ದೂರಕ್ಕೆ ಹೋದಂತೆ ಬಳಸುವ ಸರಳ ಮಾಡೆಲ್, ಅಂದರೆ ಎಲ್‌ಒಡಿ, ಇಲ್ಲದ ಮಾಡ್‌ಗಳನ್ನು ನಾನು ಟ್ರಾಫಿಕ್‌ಗೆ ಹಾಕುವುದೇ ಇಲ್ಲ.

ಮೂರನೆಯದಾಗಿ, ಮಾಡ್ ಹಾಕಿದ ಬೇರೆ ಸರ್ವರ್‌ಗಳಲ್ಲಿ ಆಡಲು ಬಿಡುವ ಫೈವ್‌ಎಮ್ ಕೂಡ ನೋಡಿದೆ. ನಮ್ಮದೇ ಕಂಪ್ಯೂಟರಿನಲ್ಲಿ ಸರ್ವರ್ ಎಬ್ಬಿಸಿ, ಮಾಡೆಲ್ ಫೈಲುಗಳನ್ನು ಸ್ಟ್ರೀಮ್ ಫೋಲ್ಡರಿನಲ್ಲಿ ಇಟ್ಟು, ಮೆಟಾ ಫೈಲುಗಳ ಹೆಸರನ್ನು ಮ್ಯಾನಿಫೆಸ್ಟ್ ಅನ್ನುವ ಪಟ್ಟಿ ಫೈಲಿನಲ್ಲಿ ಬರೆದರೆ ಸಾಕು. ಮೂಲ ಆಟವನ್ನು ಮುಟ್ಟಬೇಕಿಲ್ಲ. ಹ್ಯಾಂಡ್ಲಿಂಗ್ ತಿದ್ದಿ ತಿದ್ದಿ ಪರೀಕ್ಷಿಸಲು ಇದು ಚೆನ್ನ, ಆದರೆ ಅಲ್ಲಿ ಕಥೆ ಇಲ್ಲ, ನನಗೆ ಕಥೆ ಬೇಕು.

ಈಗ ನನ್ನ ಆಟದಲ್ಲಿ ಐದು ಹಗುರ ಸೆಡಾನ್‌ಗಳು ರಿಪ್ಲೇಸ್ ಆಗಿ ಟ್ರಾಫಿಕ್‌ನಲ್ಲಿವೆ. ನಾನು ಓಡಿಸುವ ಹನ್ನೆರಡು ಕಾರು ಆ್ಯಡ್‌ಆನ್, ಪ್ರತಿಯೊಂದರ ಹ್ಯಾಂಡ್ಲಿಂಗ್ ನಾನೇ ತಿದ್ದಿದ್ದು. ಟ್ರಾಫಿಕ್‌ನಲ್ಲಿ ಯಾವ ಕಾರು ಬರಬೇಕೆಂದು ಹೇಳುವ ಪಾಪ್‌ಗ್ರೂಪ್ಸ್ ಫೈಲಿಗೆ ಹೆಸರು ಸೇರಿಸಿ ಆ್ಯಡ್‌ಆನ್ ಸೆಡಾನನ್ನೂ ಟ್ರಾಫಿಕ್‌ಗೆ ಬಿಡುವ ಕೆಲಸ ಶುರು ಮಾಡಿದ್ದೇನೆ. ನಿನ್ನೆ ರಾತ್ರಿ ವೈನ್‌ವುಡ್‌ನಲ್ಲಿ ಒಂದು ಎದುರಿಗೆ ಬಂತು, ಡ್ರೈವರಿನ ಎರಡೂ ಕೈ ಸ್ಟೀರಿಂಗ್ ಮೇಲೆಯೇ ಇದ್ದವು.