ಬಿದ್ರಿ ತಂತಿ ಕೆಡದಂತೆ ಫೋಟೊ ಗಾತ್ರ ಇಳಿಸಲು ಇರ್ಫಾನ್‌ವ್ಯೂ

ಅಂಕ: 5ಕ್ಕೆ 4
ಬಳಕೆ: ವಿಂಡೋಸ್ ಕಂಪ್ಯೂಟರ್, ಹಲವು ವರ್ಷ, ಬೀದರ್

ಗಾತ್ರ ಇಳಿಸಿದ ಫೋಟೊದಲ್ಲಿ ಏನು ಕೆಡುತ್ತದೆ ಎಂದು ನೋಡಲು ಬಿದ್ರಿ ಸಾಮಾನಿಗಿಂತ ಒಳ್ಳೆಯ ಒರೆಗಲ್ಲಿಲ್ಲ. ಕಡುಗಪ್ಪು ಮೈ, ಅದರೊಳಗೆ ಕೂದಲೆಳೆಯಂಥ ಬೆಳ್ಳಿ ತಂತಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ತೆಗೆದ ಸುರಾಹಿಯ ಚಿತ್ರ 6000×4000 ಇರುತ್ತದೆ. ಅದರಲ್ಲಿ 6 ಪಿಕ್ಸೆಲ್ ದಪ್ಪವಿದ್ದ ತಂತಿ, ಉದ್ದದ ಬದಿಯನ್ನು 1080ಕ್ಕೆ ಇಳಿಸಿದರೆ ಒಂದೇ ಪಿಕ್ಸೆಲ್ಲಿಗೆ ಬಂದು ನಿಲ್ಲುತ್ತದೆ. ಆ ಒಂದು ಪಿಕ್ಸೆಲ್ ಉಳಿಯುತ್ತದೋ ಇಲ್ಲವೋ ಎಂಬುದರ ಮೇಲೆಯೇ ಇರ್ಫಾನ್‌ವ್ಯೂ ತಂತ್ರಾಂಶಕ್ಕೆ ಅಂಕ ಕೊಟ್ಟದ್ದು.

ಇರ್ಫಾನ್ ಶ್ಕಿಲ್ಯಾನ್ 1996ರಲ್ಲಿ ಬಿಡುಗಡೆ ಮಾಡಿದ, ಚಿತ್ರ ನೋಡುವ, ತಿದ್ದುವ ಪುಟ್ಟ ತಂತ್ರಾಂಶ ಇದು. ಹಳೆಯ ಕಂಪ್ಯೂಟರಿನಲ್ಲೂ ತಟ್ಟನೆ ತೆರೆಯುತ್ತದೆ. ಒಂದೇ ಫೋಟೊ ಇದ್ದರೆ ಕಂಟ್ರೋಲ್ ಮತ್ತು ಆರ್ ಒತ್ತಿ. ಕಿಟಕಿಯಲ್ಲಿ ರೀಸೈಜ್, ರೀಸ್ಯಾಂಪಲ್ ಎಂದು ಎರಡು ಬಗೆ ಕಾಣುತ್ತವೆ, ಎಡವಟ್ಟಾಗುವುದು ಇಲ್ಲೇ. ರೀಸೈಜ್ ನಡುವಿನ ಪಿಕ್ಸೆಲ್‌ಗಳನ್ನು ಸುಮ್ಮನೆ ಬಿಟ್ಟುಬಿಡುತ್ತದೆ. ತಂತಿ ಅಲ್ಲಲ್ಲಿ ತುಂಡಾಗಿ, ಬಳ್ಳಿಯ ತಿರುವು ಮೆಟ್ಟಿಲಿನಂತೆ ಕಾಣುತ್ತದೆ. ರೀಸ್ಯಾಂಪಲ್ ಅಕ್ಕಪಕ್ಕದವನ್ನೆಲ್ಲ ಲೆಕ್ಕಕ್ಕೆ ಹಿಡಿದು ಹೊಸ ಪಿಕ್ಸೆಲ್ ಕಟ್ಟುತ್ತದೆ. ಅದರಲ್ಲಿ ಲ್ಯಾಂಚೋಸ್ ಫಿಲ್ಟರ್ ಆರಿಸಿ. ಸ್ವಲ್ಪ ನಿಧಾನ, ಆದರೆ ತಂತಿ ಅಖಂಡವಾಗಿ ಬರುತ್ತದೆ.

ಲ್ಯಾಂಚೋಸ್‌ಗೂ ಒಂದು ಚಾಳಿ ಇದೆ. ಕಪ್ಪು ಸುರಾಹಿಯನ್ನು ತಿಳಿ ಬೂದು ಹಿನ್ನೆಲೆಯಲ್ಲಿ ಇಟ್ಟಿದ್ದರೆ ಅಂಚಿಗೆ ಸಣ್ಣ ಬಿಳಿ ಗೆರೆ ಎಳೆದಂತಾಗುತ್ತದೆ. ಅದರ ಮೇಲೆ ಶಾರ್ಪನ್ (ಅಂಚುಗಳನ್ನು ಚುರುಕಾಗಿಸುವುದು) ಜೋರು ಮಾಡಿದರೆ ಸಾಮಾನನ್ನು ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಶಾರ್ಪನ್ ಬೇಕೇ ಬೇಕೆಂದರೆ ಇಳಿಸಿದ ಮೇಲೆ, ತೀರಾ ಹಗುರವಾಗಿ. ಇಳಿಸುವ ಮೊದಲೇ ಮಾಡಿದರೆ ಆ ಕೆಲಸವೆಲ್ಲ ನೀರಲ್ಲಿ ಹೋಮ.

ಡಿಪಿಐ, ಅಂದರೆ ಇಂಚಿಗೆ ಎಷ್ಟು ಚುಕ್ಕೆ ಎಂಬುದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 72 ಹಾಕಿ, 300 ಹಾಕಿ, ಪರದೆಯ ಮೇಲೆ ಒಂದೇ. ಅದು ಮುದ್ರಣದ ಲೆಕ್ಕ.

ನೂರಾರು ಫೋಟೊ ಇದ್ದರೆ ಬಿ ಕೀಲಿ ಒತ್ತಿ, ಎಲ್ಲವನ್ನೂ ಒಟ್ಟಿಗೆ ಇಳಿಸುವ ಬ್ಯಾಚ್ ಕಿಟಕಿ ತೆರೆಯಿರಿ. ಅಡ್ವಾನ್ಸ್ಡ್‌ನಲ್ಲಿ ಉದ್ದದ ಬದಿಗೆ 1600 ಕೊಡಿ; ಅಗಲ, ಎತ್ತರ ಎರಡನ್ನೂ ತುಂಬಬೇಡಿ, ಅಡ್ಡ ಮತ್ತು ಉದ್ದದ ಫೋಟೊ ಬೆರೆತಿದ್ದರೆ ಕೆಡುತ್ತದೆ. 6000×4000 ಚಿತ್ರ 1600×1067 ಆಗುತ್ತದೆ. ಪಿಕ್ಸೆಲ್ ಲೆಕ್ಕದಲ್ಲಿ ಹದಿನಾಲ್ಕರಲ್ಲಿ ಒಂದು ಪಾಲು. ಜೆಪೆಗ್ ಗುಣಮಟ್ಟ 80ರಿಂದ 85 ಸಾಕು. ಇನ್‌ಸ್ಟಾಗ್ರಾಮ್‌ಗಾದರೆ ಅಗಲ 1080. ಔಟ್‌ಪುಟ್ ಫೋಲ್ಡರ್ ಬೇರೆಯೇ ಇರಲಿ. ಅಡ್ವಾನ್ಸ್ಡ್‌ನಲ್ಲಿರುವ ಓವರ್‌ರೈಟ್ ಚೌಕಕ್ಕೆ ಟಿಕ್ ಬಿದ್ದು, ಔಟ್‌ಪುಟ್ಟೂ ಮೂಲದ ಫೋಲ್ಡರೇ ಆಗಿದ್ದರೆ 6000 ಪಿಕ್ಸೆಲ್ಲಿನ ಮೂಲ ಮತ್ತೆ ಸಿಗದು.

ಬೆಳ್ಳಿ ಕೆಲಸ ಎದ್ದು ಕಾಣಲಿ ಎಂದು ಕೆಂಪು ಮಖಮಲ್ಲಿನ ಮೇಲೆ ಸಾಮಾನು ಇಡುವವರು ಇನ್ನೊಂದು ಗಮನಿಸಬೇಕು. ಜೆಪೆಗ್ ಬೆಳಕಿನ ವಿವರವನ್ನು ಹೆಚ್ಚಾಗಿ ಉಳಿಸಿ ಬಣ್ಣದ ವಿವರವನ್ನು ಕಡಿಮೆ ಮಾಡುತ್ತದೆ. ಹಾಗಾಗಿ ಕೆಂಪು ಬಣ್ಣ ಕಪ್ಪಿನ ಅಂಚಿಗೆ ಕದಡಿಕೊಳ್ಳುತ್ತದೆ. ಸೇವ್ ಕಿಟಕಿಯಲ್ಲಿ ಈ ಬಣ್ಣದ ಕಡಿತವನ್ನು, ಅಂದರೆ ಕ್ರೋಮಾ ಸಬ್‌ಸ್ಯಾಂಪ್ಲಿಂಗ್ ಅನ್ನು ನಿಲ್ಲಿಸುವ ಚೌಕವಿದೆ, ಟಿಕ್ ಮಾಡಿ. ಫೈಲ್ ಸ್ವಲ್ಪ ದಪ್ಪವಾಗುತ್ತದೆ, ಆಗಲಿ. ಅದೇ ಕಿಟಕಿಯಲ್ಲಿ ಎಕ್ಸಿಫ್ (ಫೋಟೊದೊಳಗೆ ಅಡಗಿರುವ ಮಾಹಿತಿ) ಉಳಿಸುವ ಟಿಕ್ ತೆಗೆಯಿರಿ. ಮನೆಯಲ್ಲೇ ಮೊಬೈಲಿನಿಂದ ತೆಗೆದ ಫೋಟೊ ಆಗಿದ್ದು, ಲೊಕೇಶನ್ ಆನ್ ಇದ್ದಿದ್ದರೆ, ಮನೆಯ ಜಾಗವೂ ಅದರೊಳಗೆ ಕೂತಿರುತ್ತದೆ.

ಇನ್ನು ಆನ್‌ಲೈನ್ ಸೆಂಟರಿನ ಕೆಲಸ. ‘ಸೈಜ್ ಕಮ್ಮಿ ಮಾಡಿ ಕೊಡ್ರಿ’ ಎಂದರೆ ಪಿಕ್ಸೆಲ್ಲೋ ಕೆಬಿಯೋ ಎಂದು ಮೊದಲು ಕೇಳಿ. ಐಬಿಪಿಎಸ್ (ಬ್ಯಾಂಕ್ ನೇಮಕಾತಿ ಪರೀಕ್ಷೆ) ಅರ್ಜಿಯ ಭಾವಚಿತ್ರಕ್ಕೆ 200×230 ಪಿಕ್ಸೆಲ್, 20ರಿಂದ 50 ಕೆಬಿ. ಮೊದಲು ಅದೇ ಅನುಪಾತಕ್ಕೆ ಕ್ರಾಪ್, ಆಮೇಲೆ ಇಳಿಕೆ. ಕ್ರಾಪ್ ಮಾಡದೆ ಎರಡೂ ಅಂಕಿ ತುರುಕಿದರೆ ಮುಖ ಸೊಟ್ಟಗಾಗುತ್ತದೆ. ಇಷ್ಟು ಚಿಕ್ಕ ಚಿತ್ರ ಗುಣಮಟ್ಟ 80ರಲ್ಲಿ 20 ಕೆಬಿಗಿಂತ ಕೆಳಗೆ ಜಾರಬಹುದು, ಆಗಲೂ ಅಪ್‌ಲೋಡ್ ಆಗದು. 95ಕ್ಕೆ ಏರಿಸಿ ನೋಡಿ. ಇಂತಿಷ್ಟೇ ಕೆಬಿ ಎಂದು ಹೇಳಿ ಉಳಿಸುವ ಸೌಲಭ್ಯವೂ ಇದೆ, ಆದರೆ ಅದಕ್ಕೆ ರಯಟ್ ಎಂಬ ಪ್ಲಗಿನ್ (ತಂತ್ರಾಂಶಕ್ಕೆ ಸೇರಿಸುವ ಹೆಚ್ಚುವರಿ ತುಣುಕು) ಬೇಕು. ಪ್ಲಗಿನ್ನುಗಳನ್ನು ಬೇರೆಯಾಗಿ ಹಾಕಿಕೊಳ್ಳಬೇಕು, ಅದೂ ಇರ್ಫಾನ್‌ವ್ಯೂ 32 ಬಿಟ್ ಆಗಿದ್ದರೆ ಪ್ಲಗಿನ್ನೂ 32, 64 ಆಗಿದ್ದರೆ 64. ಅದಲುಬದಲಾದರೆ ಆ ಆಯ್ಕೆ ಕೆಲಸ ಮಾಡುವುದಿಲ್ಲ. ನಿತ್ಯ ಬೇಕಾಗುವ ಸೌಲಭ್ಯವನ್ನು ಹೀಗೆ ಹೊರಗಿಟ್ಟಿದ್ದಕ್ಕೇ ಒಂದು ಅಂಕ ಕಡಿತ.

ಮನೆ ಬಳಕೆಗೆ ಉಚಿತ. ಅಂಗಡಿ, ಸ್ಟುಡಿಯೊ, ಸೆಂಟರ್ ನಡೆಸುವವರು ಹಣ ಕಟ್ಟಿ ನೋಂದಾಯಿಸಬೇಕು.